ಹಿತ್ತಿಲಲ್ಲಿ ಮೊದಲ ಕೋಯಿ ಕೊಳ: ಗುಂಡಿ ತೋಡಿದ ದಿನದಿಂದ ಮೀನು ಬಿಟ್ಟ ದಿನದವರೆಗೆ

ಕೊಳಕ್ಕೆ ಕೋಯಿ, ಅಂದರೆ ಜಪಾನಿನ ಬಣ್ಣದ ಮೀನು, ಬಿಟ್ಟು ಐದು ತಿಂಗಳಾಯಿತು. ಕೆಲಸ ಶುರು ಮಾಡಿದ ದಿನದಿಂದಲೂ ಒಂದು ನೋಟ್‌ಬುಕ್‌ನಲ್ಲಿ ಅಳತೆ, ತಾರೀಖು, ನೀರಿನ ಪರೀಕ್ಷೆ ಎಲ್ಲ ಬರೆದಿಡುತ್ತಾ ಬಂದಿದ್ದೆ. ಅದನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಂಚಿನ ಕಲ್ಲು, ಸುತ್ತಲಿನ ಗಿಡ, ದೀಪ, ಇವನ್ನೆಲ್ಲ ಯಾವಾಗ ಬೇಕಾದರೂ ಬದಲಾಯಿಸಿಕೊಳ್ಳಬಹುದು, ಹಾಗಾಗಿ ಅವುಗಳ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ನೀರಿನ ಅಡಿಗೆ ಹೋಗುವ ಕೆಲಸ ಮತ್ತು ನೀರಿನೊಳಗೆ ಕಣ್ಣಿಗೆ ಕಾಣದೆ ನಡೆಯುವ ಕೆಲಸ, ಇವೆರಡನ್ನು ಮಾತ್ರ ಆಮೇಲೆ ನೋಡಿಕೊಳ್ಳೋಣ ಅಂತ ಬಿಡೋಕೆ ಆಗಲ್ಲ. ನನ್ನ ಸಮಯದ ಮುಕ್ಕಾಲು ಪಾಲು ಅವಕ್ಕೇ ಹೋಯಿತು, ಹೋಗಬೇಕಾದ್ದೂ ಅಲ್ಲಿಗೇ.

ಜಾಗ, ಅಳತೆ, ಗುಂಡಿ

ಮೊದಲ ವಾರ ಗುದ್ದಲಿ ಮುಟ್ಟಲೇ ಇಲ್ಲ. ಗಿಡಗಳಿಗೆ ನೀರು ಬಿಡುವ ಉದ್ದನೆಯ ಪೈಪನ್ನು ನೆಲದ ಮೇಲೆ ಕೊಳದ ಆಕಾರಕ್ಕೆ ಹಾಸಿ, ಬೆಳಿಗ್ಗೆ ಸಂಜೆ ಬಂದು ನೋಡುತ್ತಿದ್ದೆ. ಬಿಸಿಲು ಎಷ್ಟು ಹೊತ್ತು ಬೀಳುತ್ತೆ, ಮರದ ಎಲೆ ಎಲ್ಲಿವರೆಗೆ ಉದುರುತ್ತೆ, ಮಳೆ ಬಂದಾಗ ನೀರು ಯಾವ ಕಡೆಗೆ ಹರಿಯುತ್ತೆ ಅಂತ. ಹಿತ್ತಿಲಿನ ಅತಿ ತಗ್ಗಿನ ಜಾಗದಲ್ಲಿ ಕೊಳ ಚೆಂದ ಕಾಣುತ್ತೆ ಅಂತ ಎಲ್ಲರಿಗೂ ಅನ್ನಿಸುತ್ತೆ, ಆದರೆ ಜೋರು ಮಳೆ ಬಂದರೆ ಅಂಗಳದ ಕೆಸರು, ಗೊಬ್ಬರ, ಗಿಡಕ್ಕೆ ಹೊಡೆದ ಔಷಧಿ ಎಲ್ಲ ನೇರ ಮೀನಿನ ಮೇಲೆಯೇ ಬಂದು ಬೀಳುತ್ತದೆ. ಅದಕ್ಕೇ ಸ್ವಲ್ಪ ಎತ್ತರದ, ಅರ್ಧ ದಿನ ನೆರಳಿರುವ ಜಾಗ ಆರಿಸಿಕೊಂಡೆ.

ಅಳತೆ 3.5 ಮೀಟರ್ ಉದ್ದ, 2.5 ಮೀಟರ್ ಅಗಲ, 1.4 ಮೀಟರ್ ಆಳ. ಆಳದ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. ಅಂಗೈಯಷ್ಟು ಉದ್ದದ ಕೋಯಿ ನೋಡಿ ಕೊಳದ ಅಳತೆ ಹಾಕಬಾರದು, ಅದು 60 ಸೆಂಟಿಮೀಟರ್ ದಾಟಿ ಬೆಳೆಯುವ ಮೀನು, ಚೆನ್ನಾಗಿ ನೋಡಿಕೊಂಡರೆ 25-30 ವರ್ಷ ಬದುಕುತ್ತದೆ. ಆಳ ಕಡಿಮೆ ಇದ್ದರೆ ನೀರು ಬೇಗ ಕಾಯುತ್ತೆ, ಬೇಗ ತಣ್ಣಗಾಗುತ್ತೆ, ಕೊಕ್ಕರೆಗೂ ನಿಂತು ಹಿಡಿಯಲು ಸುಲಭ. ಹಾಗಾಗಿ ಮೆಟ್ಟಿಲಿನ ಹಾಗೆ ಗಿಡ ಇಡುವ ಅಂಚುಗಳನ್ನು ಮಾಡದೆ ಗೋಡೆಯನ್ನು ಹೆಚ್ಚುಕಡಿಮೆ ನೆಟ್ಟಗೇ ಇಳಿಸಿದೆ.

ಗುಂಡಿ ತೋಡುವ ಮೊದಲೇ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿದ್ದು ಈ ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ. 20 ಸೆಂಟಿಮೀಟರ್ ಅಗಲದ ಕಾಲುವೆ ತೋಡಿ, ಹಲಗೆ ಕಟ್ಟಿ, ನೆಲದಿಂದ 12 ಸೆಂಟಿಮೀಟರ್ ಮೇಲೆ ಬರುವ ಹಾಗೆ ಕಾಂಕ್ರೀಟ್ ಸುರಿದು, ಒಂದು ವಾರ ನೀರುಣಿಸಿ ಗಟ್ಟಿಯಾದ ಮೇಲೆ ಅದರ ಒಳಗಡೆ ಅಗೆಯಲು ಶುರು ಮಾಡಿದೆವು. ಮೇಲಿನ ಮಣ್ಣು ಕುಸಿಯಲಿಲ್ಲ, ಮಳೆನೀರು ಒಳಗೆ ನುಗ್ಗಲಿಲ್ಲ, ಅಂಚಿನ ಕಲ್ಲು ಕೂರಿಸಲು ಗಟ್ಟಿ ತಳವೂ ಸಿಕ್ಕಿತು. ಮಟ್ಟ ನೋಡಲು ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡೂ ತುದಿ ಹಿಡಿದು ಗುರುತು ಹಾಕಿದೆವು. ಇಷ್ಟು ಉದ್ದಕ್ಕೆ ಸಣ್ಣ ರಸಮಟ್ಟ ನಂಬಬೇಡಿ. ಪಟ್ಟಿ ಒಂದು ಕಡೆ ಎರಡು ಸೆಂಟಿಮೀಟರ್ ವಾಲಿದರೂ ನೀರು ತುಂಬಿದ ದಿನ ಅದು ಎದ್ದು ಕಾಣುತ್ತದೆ, ನೀರು ಮಟ್ಟವಾಗೇ ನಿಲ್ಲುತ್ತದಲ್ವಾ.

ಅಗೆತಕ್ಕೆ ನಾನು, ತಮ್ಮ ಸೇರಿ ಮೂರು ವಾರಾಂತ್ಯ ಹಿಡಿಯಿತು. 12 ಘನ ಮೀಟರ್ ಮಣ್ಣು ಅಂದರೆ ಹತ್ತಿರಹತ್ತಿರ 20 ಟನ್, ಸಡಿಲವಾದ ಮೇಲೆ ಇನ್ನೂ ಉಬ್ಬುತ್ತದೆ. ಅದನ್ನು ಎಲ್ಲಿಗೆ ಹಾಕುತ್ತೀರಿ ಅಂತ ಮೊದಲೇ ಯೋಚಿಸಿಡಿ.

ತಳದ ಡ್ರೈನ್

ತಳದಲ್ಲಿ ಡ್ರೈನ್ ಇಲ್ಲದ ಕೋಯಿ ಕೊಳ ನನಗೆ ಬೇಡವಾಗಿತ್ತು. ಕೋಯಿ ಜಾಸ್ತಿ ತಿನ್ನುತ್ತದೆ, ಜಾಸ್ತಿ ಹಿಕ್ಕೆ ಹಾಕುತ್ತದೆ, ಅದೆಲ್ಲ ತಳಕ್ಕೆ ಇಳಿಯುತ್ತದೆ. ಅಲ್ಲಿಂದಲೇ ಎಳೆದು ಹೊರಗೆ ಹಾಕಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ತಳವನ್ನು ನಾಲ್ಕೂ ಕಡೆಯಿಂದ ನಡುವಿಗೆ 10 ಸೆಂಟಿಮೀಟರ್ ಇಳಿಜಾರು ಮಾಡಿ, ನಡುವೆ ಡ್ರೈನ್ ಕೂರಿಸಿ, 110 ಮಿಲಿಮೀಟರ್ ಪೈಪನ್ನು ನೆಲದಡಿಯಲ್ಲೇ ಫಿಲ್ಟರ್ ಗುಂಡಿವರೆಗೆ ಒಯ್ದೆ. ನೇರ ಮೂಲೆಯ ಎಲ್ಬೋ ಹಾಕಲಿಲ್ಲ, ಕಸ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬದಲಿಗೆ 45 ಡಿಗ್ರಿಯ ಎರಡು ಬೆಂಡ್. ಪೈಪ್ ಮುಚ್ಚುವ ಮೊದಲು ಎರಡೂ ತುದಿ ಬಿಗಿಮಾಡಿ, ನೀರು ತುಂಬಿ, ಒಂದು ಇಡೀ ದಿನ ಹಾಗೇ ಬಿಟ್ಟೆ. ಒಂದು ಹನಿಯೂ ಇಳಿಯಲಿಲ್ಲ ಅಂತ ಖಾತ್ರಿಯಾದ ಮೇಲೆಯೇ ಮೇಲೆ ಕಾಂಕ್ರೀಟ್ ಬಿತ್ತು. ಈ ಪೈಪನ್ನು ಇನ್ನು ಯಾವತ್ತೂ ನೋಡಲು ಆಗಲ್ಲ ಅನ್ನೋದು ಆ ಹೊತ್ತಿನಲ್ಲಿ ತಲೆಯಲ್ಲಿ ಇರಬೇಕು.

ನೀರು ಮಣ್ಣಿಗೆ ಇಂಗದ ಹಾಗೆ ಗುಂಡಿಗೆ ಹಾಸುವ ಲೈನರ್ ಇಪಿಡಿಎಂ ಅನ್ನುವ ರಬ್ಬರ್ ಹಾಳೆ, 1 ಮಿಲಿಮೀಟರ್ ದಪ್ಪ. ಅಳತೆ ಲೆಕ್ಕ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಎರಡೂ ಬದಿಗೆ 30 ಸೆಂಟಿಮೀಟರ್ ಅಂಚು ಬಿಡಿ. ಅಗಲಕ್ಕೂ ಅದೇ ರೀತಿ. ನನಗೆ 6.9 ಮತ್ತು 5.9 ಬಂತು, 7ಕ್ಕೆ 6 ಮೀಟರ್ ತಂದೆ. 50 ಕಿಲೋ ದಾಟುವ ತೂಕ, ನಾಲ್ಕು ಜನ ಬೇಕು. ಬಿಸಿಲಲ್ಲಿ ಅರ್ಧ ಗಂಟೆ ಬಿಚ್ಚಿಟ್ಟರೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ. ಅದರ ಕೆಳಗೆ ದಪ್ಪನೆಯ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಹಾಸುವ ಮೊದಲು ಗೋಡೆ, ತಳ ಎಲ್ಲ ಬರಿಗೈಯಲ್ಲಿ ಸವರಿ ನೋಡಿದೆ. ಕಣ್ಣಿಗೆ ಬೀಳದ ಚೂಪು ಕಲ್ಲು, ಬೇರಿನ ತುದಿ ಕೈಗೆ ಸಿಗುತ್ತವೆ. ಮಡಿಕೆಗಳು ಬಂದೇ ಬರುತ್ತವೆ, ಸಣ್ಣಸಣ್ಣ ಹತ್ತು ಮಡಿಕೆ ಮಾಡುವ ಬದಲು ಮೂಲೆಗೊಂದು ದೊಡ್ಡ ಮಡಿಕೆ ಸಾಕು. ನಾವೆಲ್ಲ ಬರಿಗಾಲಲ್ಲೇ ಇಳಿದೆವು.

ಇನ್ನು ಹೊಸ ಹಾಳೆಗೆ ತೂತು ಮಾಡಬೇಕಾದ ಕ್ಷಣ. ಡ್ರೈನ್‌ನ ಮೇಲೆ ಹಾಳೆ ಸರಿಯಾಗಿ ಕೂತ ಮೇಲೆ ಬೆರಳಿನಿಂದ ಒತ್ತಿ ಒಂದೊಂದೇ ಸ್ಕ್ರೂ ತೂತನ್ನು ಹುಡುಕಿ, ಮೊಳೆಯ ತುದಿಯಿಂದ ಚುಚ್ಚಿ, ಹಾಳೆಯ ಎರಡೂ ಮಗ್ಗುಲಿಗೆ ಸೀಲೆಂಟ್ ಹಚ್ಚಿ, ಮೇಲಿನ ಬಳೆಯನ್ನು ಕೂರಿಸಿದೆ. ಒಂದು ಸ್ಕ್ರೂ ತಿರುಗಿಸಿದರೆ ಮುಂದಿನದು ಅದರ ಎದುರಿನದು, ಆಮೇಲೆ ಅಡ್ಡಕ್ಕೆ. ಎಲ್ಲ ಬಿಗಿಯಾದ ಮೇಲೆಯೇ ಬ್ಲೇಡ್‌ನಿಂದ ನಡುವಿನ ವೃತ್ತ ಕತ್ತರಿಸಿದ್ದು, ಅದಕ್ಕೆ ಮೊದಲಲ್ಲ. ಕತ್ತರಿಸಿದ ರಬ್ಬರ್ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ.

ಸೋರಿಕೆ

ನೀರು ತುಂಬುವಾಗ ಮೀಟರ್‌ನ ಅಂಕಿ ಮೊದಲೂ ಕೊನೆಗೂ ಬರೆದುಕೊಂಡೆ. ಕಾಗದದ ಲೆಕ್ಕದಲ್ಲಿ 12,250 ಲೀಟರ್ ಬರಬೇಕಿತ್ತು, ನಿಜವಾಗಿ ಹಿಡಿದದ್ದು 11,400. ಮೂಲೆಗಳು ದುಂಡಗೆ, ಗೋಡೆ ಸ್ವಲ್ಪ ಓರೆ, ಅದಕ್ಕೇ ವ್ಯತ್ಯಾಸ. ಮುಂದೆ ಉಪ್ಪು, ಸೋಡಾ, ಔಷಧಿ ಯಾವುದು ಹಾಕಿದರೂ ಅದರ ಪ್ರಮಾಣ ಈ ಅಂಕಿಯ ಮೇಲೆಯೇ ನಿಂತಿರುತ್ತದೆ, ಅಂದಾಜು ಮಾಡಬೇಡಿ.

ಮರುದಿನ ಬೆಳಿಗ್ಗೆ ನೋಡಿದರೆ ನೀರು 4 ಸೆಂಟಿಮೀಟರ್ ಇಳಿದಿತ್ತು. ಸುಮಾರು 350 ಲೀಟರ್. ಆವಿಯಾಗಿರಬಹುದಾ ಅಂತ ಪರೀಕ್ಷಿಸಲು ಬಕೆಟ್ಟಿಗೆ ನೀರು ತುಂಬಿ ಕೊಳದ ಪಕ್ಕದಲ್ಲೇ ಇಟ್ಟೆ, ಒಂದು ದಿನದಲ್ಲಿ ಅದು ಇಳಿದದ್ದು ಕೆಲವೇ ಮಿಲಿಮೀಟರ್. ಅಂದರೆ ಸೋರಿಕೆಯೇ. ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ನೀರು ಎಲ್ಲಿವರೆಗೆ ಇಳಿಯುತ್ತೋ ಇಳಿಯಲಿ ಅಂತ ಬಿಟ್ಟೆ. ಹೊಟ್ಟೆಯಲ್ಲಿ ಸಂಕಟ ಇತ್ತು, ಯಾಕಂದರೆ ಅದು ತಳದ ಡ್ರೈನ್ ಆಗಿದ್ದರೆ ಎಲ್ಲ ಖಾಲಿ ಮಾಡಬೇಕಿತ್ತು. ಪ್ರತಿ ಬೆಳಿಗ್ಗೆ ಚಾಕ್‌ಪೀಸ್‌ನಿಂದ ಗುರುತು. ನಾಲ್ಕನೇ ದಿನಕ್ಕೆ, ಮೇಲಿಂದ 16 ಸೆಂಟಿಮೀಟರ್ ಇಳಿದ ಕಡೆ, ನೀರು ನಿಂತಿತು. ಸರಿಯಾಗಿ ಅದೇ ಮಟ್ಟದಲ್ಲಿ ಇದ್ದದ್ದು ಫಿಲ್ಟರ್‌ನಿಂದ ನೀರು ವಾಪಸ್ ಬರುವ ಪೈಪಿನ ಫ್ಲಾಂಜ್, ಅಂದರೆ ಪೈಪನ್ನು ಹಾಳೆಗೆ ಸ್ಕ್ರೂ ಹಾಕಿ ಬಿಗಿ ಮಾಡುವ ಬಳೆ.

ಖಚಿತ ಮಾಡಿಕೊಳ್ಳಲು ಎರಡು ಬೆರಳಷ್ಟು ನೀರು ಮತ್ತೆ ಏರಿಸಿ, ಅಲುಗಾಡದ ಹಾಗೆ ಬಿಟ್ಟು, ಡ್ರಾಪರ್‌ನಿಂದ ತಿಂಡಿಗೆ ಹಾಕುವ ಕೆಂಪು ಬಣ್ಣದ ಒಂದೊಂದು ಹನಿಯನ್ನು ಸ್ಕ್ರೂಗಳ ಹತ್ತಿರ ಬಿಟ್ಟೆ. ಮೂರು ಕಡೆ ಬಣ್ಣ ಸುಮ್ನೆ ಹೊಗೆಯ ಹಾಗೆ ಹರಡಿತು. ಕೆಳಗಿನ ಎಡಗಡೆಯ ಸ್ಕ್ರೂ ಹತ್ತಿರ ಮಾತ್ರ ತೆಳ್ಳಗಿನ ಒಂದು ದಾರವಾಗಿ ಬಳೆಯ ಅಂಚಿನೊಳಗೆ ಹೋಯಿತು. "ಅಣ್ಣಾ, ಒಳಗೆ ಎಳ್ಕೊಳ್ತಿದೆ ನೋಡು" ಅಂತ ತಮ್ಮ ಕೂಗಿದ. ಬಿಚ್ಚಿ ನೋಡಿದರೆ ಹಾಳೆಯ ಹಿಂದೆ ಸಾಸಿವೆಗಿಂತ ಸಣ್ಣ ಒಂದು ಮರಳಿನ ಕಾಳು, ಅದರಿಂದ ಹಾಳೆಗೆ ಕೂದಲಿನಷ್ಟು ಸುಕ್ಕು. ಡ್ರೈನ್‌ಗೆ ಅಷ್ಟು ಜೋಪಾನ ಮಾಡಿದವನು ಇದನ್ನು ಸಂಜೆ ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಬಿಗಿ ಮಾಡಿದ್ದೆ, ಸ್ಕ್ರೂಗಳನ್ನು ಎದುರುಬದುರಾಗಿ ಅಲ್ಲದೆ ಸಾಲಾಗಿ ಸುತ್ತಿದ್ದೆ. ಸ್ಪಿರಿಟ್‌ನಿಂದ ಒರೆಸಿ, ಹಳೆಯ ಸೀಲೆಂಟ್ ಪೂರ್ತಿ ಕೆರೆದು, ಹೊಸದು ಹಚ್ಚಿ, ಎರಡು ದಿನ ಒಣಗಲು ಬಿಟ್ಟೆ. ಆಮೇಲೆ ನೀರು ಇಳಿಯಲಿಲ್ಲ.

ಫಿಲ್ಟರ್

ನನ್ನದು ಪಂಪ್ ಕೊನೆಯಲ್ಲಿರುವ ವ್ಯವಸ್ಥೆ. ಡ್ರೈನ್‌ನಿಂದ ನೀರು ತಾನಾಗೇ ಮೊದಲ ಕೋಣೆಗೆ ಬರುತ್ತದೆ, ಅಲ್ಲಿ ಬ್ರಷ್‌ಗಳ ನಡುವೆ ಗಟ್ಟಿ ಕಸ ನಿಲ್ಲುತ್ತದೆ. ಎರಡನೇ ಕೋಣೆಯಲ್ಲಿ 100 ಲೀಟರ್ ಪ್ಲಾಸ್ಟಿಕ್ ಮೀಡಿಯಾ, ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳಲು ಇರುವ ಸಣ್ಣ ಗಾಲಿಗಳಂಥವು, ಏರ್ ಪಂಪಿನ ಗಾಳಿಗೆ ಸದಾ ಕುದಿಯುವ ಹಾಗೆ ತಿರುಗುತ್ತಿರುತ್ತವೆ. ಅದರ ನಂತರ ಪಂಪ್, ನೀರಿನ ಹಸಿರು ಪಾಚಿ ಕೊಲ್ಲುವ ಯುವಿ ದೀಪ, ಮತ್ತೆ ಕೊಳ. ಪಂಪ್ ಮೊದಲೇ ಇದ್ದರೆ ಕಸವನ್ನು ಅರೆದು ನುಣ್ಣಗೆ ಮಾಡಿ ಕಳಿಸುತ್ತದೆ, ಆಮೇಲೆ ಅದನ್ನು ಹಿಡಿಯುವುದು ಕಷ್ಟ.

ಪಂಪಿನ ಡಬ್ಬದ ಮೇಲೆ ಗಂಟೆಗೆ 10,000 ಲೀಟರ್ ಅಂತ ಇತ್ತು. ಅದು ನೀರನ್ನು ಮೇಲೆತ್ತದೇ ಇದ್ದಾಗಿನ ಲೆಕ್ಕ. ವಾಪಸ್ ಬರುವ ಪೈಪಿಗೆ 20 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿದೆ, 9 ಸೆಕೆಂಡಿಗೆ ತುಂಬಿತು. ಅಂದರೆ ಗಂಟೆಗೆ 8,000. ಇಡೀ ಕೊಳದ ನೀರು ಒಂದೂವರೆ ಗಂಟೆಯೊಳಗೆ ಒಂದು ಸುತ್ತು ಬರುತ್ತದೆ, ನನಗೆ ಇಷ್ಟು ಸಾಕು.

ಕರೆಂಟಿನ ಲೈನಿಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಬ್ರೇಕರ್ ಹಾಕಿಸಿದ್ದೇನೆ. ನೀರಿಗೆ ಕೈ ಹಾಕುವ ಜಾಗ ಇದು, ಇದೊಂದನ್ನು ಮಾತ್ರ ಬಲ್ಲವರಿಂದಲೇ ಮಾಡಿಸಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಅದರೊಳಗೆ ಹೋಗುತ್ತದೆ. ಅದಕ್ಕೆ ಬ್ಯಾಟರಿ ಬ್ಯಾಕಪ್ ಕೂಡ ಇದೆ. ನೀರು ಬೆಚ್ಚಗಿದ್ದಷ್ಟೂ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ.

ಮೀನಿಲ್ಲದ ಐದು ವಾರ

ನೀರು ತುಂಬಿದ ಮೇಲೆ ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳುತ್ತಿದ್ದರು. ಐದು ವಾರ ಒಂದು ಮೀನೂ ಬಿಡಲಿಲ್ಲ. ಮೀನಿನ ಕಿವಿರಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಅಪಾಯವಿಲ್ಲ. ಈ ಬ್ಯಾಕ್ಟೀರಿಯಾಗಳು ಮೀಡಿಯಾದ ಮೇಲೆ ಮನೆ ಮಾಡಿಕೊಳ್ಳಲು ವಾರಗಟ್ಟಲೆ ಬೇಕು. ಮೀನು ಬಿಟ್ಟು ಅವು ಬೆಳೆಯಲಿ ಅಂತ ಕಾಯುವುದೆಂದರೆ ಆ ವಿಷವನ್ನು ಮೀನಿಗೆ ಕುಡಿಸಿದ ಹಾಗೆ. ನಾನು ಅಮೋನಿಯಂ ಕ್ಲೋರೈಡ್ ಹಾಕಿ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಇರುವ ಹಾಗೆ ನೋಡಿಕೊಂಡೆ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅದಕ್ಕೆ ಮೊದಲೇ ಸೋಡಿಯಂ ಥಯೋಸಲ್ಫೇಟ್ ಹಾಕಿದ್ದೆ. ಪರಿಚಯದವರೊಬ್ಬರು ತಮ್ಮ ಹಳೆಯ ಫಿಲ್ಟರ್‌ನಿಂದ ಮೀಡಿಯಾ ಕೊಡುತ್ತೇನೆ ಅಂದರು. ಕೆಲಸ ಬೇಗ ಆಗುತ್ತಿತ್ತು, ಆದರೆ ಅದರ ಜೊತೆ ಅಲ್ಲಿನ ರೋಗವೂ ಬರಬಹುದು ಅಂತ ಬೇಡ ಅಂದೆ.

ನೋಟ್‌ಬುಕ್‌ನಲ್ಲಿ ಹೀಗಿದೆ. 11ನೇ ದಿನ ಅಮೋನಿಯಾ ಇಳಿಯಲು ಶುರು. 13ನೇ ದಿನ ಪರೀಕ್ಷೆಯ ಕೊಳವೆಯಲ್ಲಿ ನೈಟ್ರೈಟ್‌ನ ತೆಳು ಗುಲಾಬಿ, ವಾರದೊಳಗೆ ಅದು ನೇರಳೆ ಹಣ್ಣಿನ ಬಣ್ಣ. 22ನೇ ದಿನ ಎಲ್ಲ ನಿಂತುಹೋಯಿತು. ಅಮೋನಿಯಾವೂ ಇಳಿಯುತ್ತಿಲ್ಲ, ನೈಟ್ರೈಟ್ ಕೂಡ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರ್ಬೊನೇಟ್ ಗಡಸುತನ ಅಳೆದೆ, 2 ಡಿಗ್ರಿಗೆ ಬಂದಿತ್ತು (ಗಡಸುತನದ ಅಳತೆಯನ್ನೂ ಡಿಗ್ರಿ ಅಂತಲೇ ಹೇಳುತ್ತಾರೆ), ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ 6.6. ಅಮೋನಿಯಾ ಅರಗಿಸುವಾಗ ಬ್ಯಾಕ್ಟೀರಿಯಾಗಳು ನೀರಿನ ಕಾರ್ಬೊನೇಟನ್ನೂ ಬಳಸಿಕೊಳ್ಳುತ್ತವೆ, ಅದು ಮುಗಿದರೆ ಕೆಲಸ ನಿಲ್ಲಿಸುತ್ತವೆ. ಮದ್ದು ಅಡುಗೆ ಸೋಡಾ. 1,000 ಲೀಟರಿಗೆ 30 ಗ್ರಾಂ ಹಾಕಿದರೆ 1 ಡಿಗ್ರಿ ಏರುತ್ತದೆ. ನನಗೆ 3 ಡಿಗ್ರಿ ಬೇಕಿತ್ತು, ಒಂದು ಕಿಲೋ ಚಿಲ್ಲರೆ, ಎರಡು ದಿನಕ್ಕೆ ಹಂಚಿ ಕರಗಿಸಿ ಹಾಕಿದೆ. ಮರುದಿನದಿಂದಲೇ ಅಂಕಿಗಳು ಮತ್ತೆ ಇಳಿಯತೊಡಗಿದವು. ಈಗ ವಾರಕ್ಕೊಮ್ಮೆ ಇದನ್ನು ತಪ್ಪದೆ ಅಳೆಯುತ್ತೇನೆ.

ಈ ನಡುವೆ ನೀರು ಪೂರ್ತಿ ಹಸಿರಾಯಿತು, ಮೊಣಕೈವರೆಗೆ ಕೈ ಮುಳುಗಿಸಿದರೆ ಬೆರಳು ಕಾಣುತ್ತಿರಲಿಲ್ಲ. ಬೆಳಿಗ್ಗೆ ಪಿಎಚ್ 7.6 ಇದ್ದದ್ದು ಸಂಜೆಗೆ 8.6. ಪಾಚಿ ಹಗಲಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ರಾತ್ರಿ ಬಿಡುತ್ತದೆ, ಅದರ ಜೊತೆ ಪಿಎಚ್ ಏರಿಳಿಯುತ್ತದೆ. ಯುವಿ ದೀಪ ಹಚ್ಚಿದ ಹತ್ತು ದಿನಕ್ಕೆ ತಳದ ಡ್ರೈನ್ ಕಾಣಿಸಿತು. ಗೋಡೆಗೆ ಅಂಟಿದ ಹಸಿರು ಹಾಗೇ ಉಳಿಯಿತು. ಅದನ್ನು ಉಜ್ಜಬೇಡಿ, ಮೀನು ಅದನ್ನು ಮೇಯುತ್ತದೆ.

34ನೇ ದಿನ ಸಂಜೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಅಮೋನಿಯಾ ಹಾಕಿ, ಮರುದಿನ ಸಂಜೆ ಅಳೆದರೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಅವತ್ತೇ ಮೂರನೇ ಒಂದು ಪಾಲು ನೀರು ಬದಲಾಯಿಸಿದೆ.

ಮೀನು

ನಾಲ್ಕೇ ನಾಲ್ಕು, 15ರಿಂದ 20 ಸೆಂಟಿಮೀಟರ್‌ನವು. ಬಿಳಿ ಮೈಗೆ ಕೆಂಪು ಮಚ್ಚೆಯ ಕೊಹಾಕು, ಕಪ್ಪು ಕೆಂಪು ಬಿಳಿ ಸೇರಿದ ಶೋವಾ, ಬೆನ್ನ ಮೇಲೆ ಬಲೆ ಹಾಸಿದಂಥ ನೀಲಿ ಬೂದಿಯ ಅಸಾಗಿ, ಚಹಾ ಬಣ್ಣದ ಚಾಗೋಯ್. ಮೊದಲ ಸಲ ಸಾಕುವವರು ಒಂದು ಚಾಗೋಯ್ ತಂದೇ ತನ್ನಿ, ನೋಡಲು ಸಾದಾ, ಆದರೆ ಬೇಗ ಪಳಗುವ ಸ್ವಭಾವ, ಅದನ್ನು ನೋಡಿ ಮಿಕ್ಕವೂ ಹತ್ತಿರ ಬರುತ್ತವೆ. ಆರಿಸುವಾಗ ಬಣ್ಣಕ್ಕಿಂತ ಮೊದಲು ಈಜು ನೋಡಿದೆ. ಎರಡೂ ಕಿವಿರು ಸಮನಾಗಿ ಆಡುತ್ತಿವೆಯಾ, ರೆಕ್ಕೆ ಮೈಗೆ ಒತ್ತಿಕೊಂಡಿದೆಯಾ, ಒಂಟಿಯಾಗಿ ಮೂಲೆ ಹಿಡಿದಿದೆಯಾ, ಹುರುಪೆಯ ಕೆಳಗೆ ಕೆಂಪು ಹುಣ್ಣು ಇದೆಯಾ ಅಂತ. ನೋಡುವುದು ಯಾವಾಗಲೂ ಮೇಲಿನಿಂದ. ಜಪಾನಿನ ನೀಗಾತಾ ಕಡೆಯ ರೈತರು 19ನೇ ಶತಮಾನದಲ್ಲಿ ಈ ಬಣ್ಣದ ಮೀನುಗಳನ್ನು ಬೆಳೆಸತೊಡಗಿದಾಗ ಗಾಜಿನ ತೊಟ್ಟಿಯಲ್ಲಿ ಇಟ್ಟು ನೋಡಲಿಲ್ಲ, ಕೊಳದ ದಂಡೆಯಲ್ಲಿ ನಿಂತೇ ನೋಡಿದ್ದು.

ಚೀಲದಲ್ಲಿ ಬಂದ ಮೀನನ್ನು ಇಳಿಸುವಾಗ ಒಂದು ವಿಷಯ ನೆನಪಿರಲಿ. ಕಟ್ಟಿದ ಚೀಲವನ್ನು ಹಾಗೇ 20-30 ನಿಮಿಷ ತೇಲಿಬಿಟ್ಟು ಬಿಸಿ ಸಮನಾಗಲಿ. ದಾರಿಯುದ್ದಕ್ಕೂ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಚೀಲದ ನೀರಿನ ಪಿಎಚ್ ಇಳಿಸಿರುತ್ತದೆ, ಅದರಿಂದಲೇ ಅಲ್ಲಿನ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ಬಾಯಿ ಬಿಚ್ಚಿದ ಕೂಡಲೇ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಬಿಚ್ಚಿದ ಮೇಲೆ ತಡ ಮಾಡದೆ, ಒದ್ದೆ ಕೈಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ, ಚೀಲದ ನೀರು ಚೆಲ್ಲಿಬಿಡಿ.

ಅವು ಮೊದಲು ಇಳಿದದ್ದು ಕೊಳಕ್ಕಲ್ಲ, 700 ಲೀಟರಿನ ಬೇರೆ ತೊಟ್ಟಿಗೆ. ರೋಗವಿದ್ದರೆ ತಿಳಿಯಲಿ ಅಂತ ಅಲ್ಲಿ ನಾಲ್ಕು ವಾರ. ಅದಕ್ಕೆ ಅದರದೇ ಬಲೆ, ಅದರದೇ ಬಕೆಟ್, ಕೊಳದ ಫಿಲ್ಟರ್‌ನಿಂದ ತೆಗೆದ ಒಂದಿಷ್ಟು ಮೀಡಿಯಾ. ಕೋಯಿ ಹರ್ಪೀಸ್ ವೈರಸ್ ಬಂದರೆ ಮದ್ದಿಲ್ಲ, ಅದು ನೀರು ಸುಮಾರು 16ರಿಂದ 28 ಡಿಗ್ರಿ ಇರುವಾಗ ತಲೆ ಎತ್ತುತ್ತದೆ, ಆ ಬಿಸಿಯಲ್ಲೇ ಇಟ್ಟು ಕಾಯಬೇಕು. ಎರಡನೇ ವಾರ ತೊಟ್ಟಿಯಲ್ಲಿ ನೈಟ್ರೈಟ್ 0.5 ತೋರಿಸಿತು. ಎರಡು ದಿನ ಮೇವು ನಿಲ್ಲಿಸಿ, ಕಾಲು ಭಾಗ ನೀರು ಬದಲಾಯಿಸಿ, ಬೇರೇನೂ ಬೆರೆಸದ ಹರಳುಪ್ಪು 700 ಗ್ರಾಂ ಕರಗಿಸಿ ಹಾಕಿದೆ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಹತ್ತಿರವೇ ತಡೆಯುತ್ತದೆ. ನಾಲ್ಕನೇ ದಿನಕ್ಕೆ ಸೊನ್ನೆಗೆ ಬಂತು.

ಕೊಳಕ್ಕೆ ಬಿಟ್ಟ ದಿನ ನಾಲ್ಕೂ ನೇರ ತಳಕ್ಕೆ ಹೋಗಿ, ಡ್ರೈನ್ ಪಕ್ಕ ಒಂದಕ್ಕೊಂದು ಒತ್ತಿಕೊಂಡು ನಿಂತವು. ಕೊಳದ ಮೇಲೆಲ್ಲ ಬಲೆ ಕಟ್ಟಿದ್ದೆ, ಹೊಸ ಜಾಗದಲ್ಲಿ ಮೊದಲ ದಿನಗಳಲ್ಲಿ ಕೋಯಿ ಹಾರಿ ಹೊರಗೆ ಬೀಳುವುದು ಉಂಟು. ಬೆಳಗಿನ ಜಾವ ಟಾರ್ಚ್ ಹಿಡಿದು ಹೋದೆ, ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಅದು. ಯಾವುದೂ ಮೇಲೆ ಬಂದು ಬಾಯಿ ತೆರೆಯುತ್ತಿರಲಿಲ್ಲ. ಮೂರನೇ ದಿನದವರೆಗೆ ಮೇವು ಕೊಡಲಿಲ್ಲ. ಒಂಬತ್ತನೇ ದಿನ ಅಂಚಿನಲ್ಲಿ ಕೂತು ಅಂಗೈ ಮೇಲೆ ನಾಲ್ಕು ಕಾಳು ಇಟ್ಟು ನೀರಿಗೆ ಇಳಿಸಿದೆ. ಚಾಗೋಯ್ ಎರಡು ಸಲ ಹತ್ತಿರ ಬಂದು ತಿರುಗಿ ಹೋಯಿತು, ಮೂರನೇ ಸಲ ಮೀಸೆ ನನ್ನ ಬೆರಳಿಗೆ ತಾಗಿತು, ಆಮೇಲೆ ಮೆತ್ತಗಿನ ಬಾಯಿ, ಕಾಳುಗಳು ಒಂದೊಂದೇ ಒಳಗೆ ಹೋದವು. ಹಿಂದೆಯೇ ಕೊಹಾಕು ಒಂದು ಕೈಯಷ್ಟು ದೂರದಲ್ಲಿ ನಿಂತು ನೋಡುತ್ತಿತ್ತು.

ಈಗ ಚಾಗೋಯ್ 27 ಸೆಂಟಿಮೀಟರ್. ದಿನಕ್ಕೆ ಎರಡು ಸಲ, ಐದು ನಿಮಿಷದಲ್ಲಿ ಮುಗಿಸುವಷ್ಟೇ ಮೇವು. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲು, ಆ ಕಂದು ನೀರೆಲ್ಲ ಗಿಡಗಳಿಗೆ. ಐದನೇ ಮೀನು ತರೋಣ ಅಂತ ತಮ್ಮ ಹೇಳುತ್ತಲೇ ಇದ್ದಾನೆ. ಇವು ನಾಲ್ಕೂ ದೊಡ್ಡದಾದಾಗ ಎಷ್ಟು ಜಾಗ ಬೇಕು ಅಂತ ನೋಡಿಕೊಂಡು ಆಮೇಲೆ ಯೋಚಿಸೋಣ ಅಂದಿದ್ದೇನೆ. ನಿನ್ನೆ ಸಂಜೆಯ ಲೆಕ್ಕ: ಅಮೋನಿಯಾ 0, ನೈಟ್ರೈಟ್ 0, ಕಾರ್ಬೊನೇಟ್ ಗಡಸುತನ 5 ಡಿಗ್ರಿ, ನೀರು 23 ಡಿಗ್ರಿ. ನಾಳೆ ಮೊದಲ ಕೋಣೆಯ ಬ್ರಷ್ ತೊಳೆಯಬೇಕು.